ವಿದೇಶಿ ಚಾಲನಾ ಪರವಾನಗಿ ಮತ್ತು ಪುನಃಪರೀಕ್ಷೆ

ಒಂದು ರಾಷ್ಟ್ರದ ಅಧಿಕಾರಿಗಳು ಮೋಟಾರು ವಾಹನವನ್ನು ನಡೆಸುವುದಕ್ಕಾಗಿ ಒಬ್ಬ ವ್ಯಕ್ತಿಗೆ ಕೊಟ್ಟ ಅನುಜ್ಞಾಪತ್ರವನ್ನು ಆತನು ಬೇರೊಂದು ರಾಷ್ಟ್ರದ ರಸ್ತೆಗಳಲ್ಲಿ ಬಳಸಿದಾಗ ಅದು ಅಲ್ಲಿ ವಿದೇಶಿ ಚಾಲನಾ ಪರವಾನಗಿ ಎನ್ನಿಸಿಕೊಳ್ಳುತ್ತದೆ. ಅಲ್ಪಕಾಲದ ಪ್ರವಾಸಿಗೆ ಈ ಪತ್ರವು ಬಹುಮಟ್ಟಿಗೆ ಎಲ್ಲ ಕಡೆಯೂ ಸಲ್ಲುತ್ತದೆ. ಅಲ್ಲಿಯೇ ನೆಲೆಸಿದವನಿಗಾದರೋ ಗೊತ್ತಾದ ಅವಧಿಯು ಕಳೆದ ಮೇಲೆ ಸಲ್ಲದೆ ಹೋಗುತ್ತದೆ. ಹೀಗೆ ಸಲ್ಲದೆ ಹೋದಲ್ಲಿ ಹೊಸ ರಾಷ್ಟ್ರವು ಹಳೆಯ ಪರವಾನಗಿಯನ್ನು ಆಧಾರವಾಗಿಟ್ಟುಕೊಂಡು ತನ್ನದನ್ನು ಕೊಡುವುದು ವಿನಿಮಯ; ಅರ್ಜಿದಾರನನ್ನು ಮತ್ತೊಮ್ಮೆ ಪರೀಕ್ಷೆಗೆ ಒಳಪಡಿಸಿ ಕೊಡುವುದು ಪುನಃಪರೀಕ್ಷೆ. ಈ ಲೇಖನದಲ್ಲಿ ಪರವಾನಗಿ ಎಂದರೆ ಸ್ವದೇಶದ ಮೂಲಪತ್ರವೆಂದೂ, ರಹದಾರಿ ಎಂದರೆ ಆ ಮೂಲಪತ್ರದ ಜೊತೆಗೆ ಒಯ್ಯತಕ್ಕ ಅಂತರರಾಷ್ಟ್ರೀಯ ಚಾಲನಾ ರಹದಾರಿಯೆಂದೂ ತಿಳಿಯತಕ್ಕದ್ದು. ಇವೆರಡನ್ನೂ ಒಂದೇ ಎಂದು ಭಾವಿಸುವ ರೂಢಿಯುಂಟು. ಕಾನೂನಿನ ದೃಷ್ಟಿಯಲ್ಲಿ ಅವು ಭಿನ್ನ.

ಚಾಲನಾ ಪರವಾನಗಿಯು ಎರಡು ಬಗೆಯ ಯೋಗ್ಯತೆಗೆ ಸಾಕ್ಷಿ ನುಡಿಯುತ್ತದೆ. ವಾಹನವನ್ನು ಕೈಕಾಲುಗಳ ಹತೋಟಿಯಲ್ಲಿ ಇಟ್ಟುಕೊಳ್ಳುವ ಕೌಶಲವು ಮೊದಲನೆಯದು, ಅದು ಚಾಲಕನೊಡನೆ ಎಲ್ಲಿಗೂ ಹೋಗುತ್ತದೆ. ಆಯಾ ದೇಶದ ರಸ್ತೆಯಲ್ಲಿ ಉಳಿದವರು ತನ್ನಿಂದ ಏನನ್ನು ನಿರೀಕ್ಷಿಸುತ್ತಾರೆಂಬ ಅರಿವು ಎರಡನೆಯದು, ಅದು ಗಡಿಯನ್ನು ದಾಟುವುದಿಲ್ಲ. ಪುನಃಪರೀಕ್ಷೆಯ ವಿಧಾನಗಳೆಲ್ಲವೂ ಮುಖ್ಯವಾಗಿ ಈ ಎರಡನೆಯದನ್ನು ಅಳೆಯುವುದಕ್ಕಾಗಿ ಏರ್ಪಟ್ಟಿರುವುದರಿಂದಲೇ, ಹತ್ತಾರು ವರ್ಷ ವಾಹನ ನಡೆಸಿದವರೂ ಹೊಸ ದೇಶದ ಪರೀಕ್ಷೆಯಲ್ಲಿ ಅನುತ್ತೀರ್ಣರಾಗುವುದು ಅಪರೂಪವಲ್ಲ.

ಉಗಮ

ಕಾರ್ಲ್ ಬೆಂಜ್ ತಾನು ನಿರ್ಮಿಸಿದ ಮೋಟಾರು ಗಾಡಿಯನ್ನು ರಸ್ತೆಯಲ್ಲಿ ಓಡಿಸುವುದಕ್ಕೆ 1888ರಲ್ಲಿ ಜರ್ಮನಿಯ ಬಾಡೆನ್ ಸಂಸ್ಥಾನದ ಅಧಿಕಾರಿಗಳಿಂದ ಲಿಖಿತ ಅನುಮತಿಯನ್ನು ಪಡೆದನು. ಲೋಕದ ಮೊದಲ ಚಾಲನಾ ಪರವಾನಗಿ ಇದೆಂಬ ಮಾತು ಪ್ರಚಾರದಲ್ಲಿದೆ. ಪ್ಯಾರಿಸ್ ನಗರದ ಪೊಲೀಸ್ ಶಾಸನವು 1893ರಲ್ಲಿ ಚಾಲಕರಿಗೆ ಯೋಗ್ಯತಾಪತ್ರವನ್ನು ವಿಧಿಸಿತು. ಬ್ರಿಟನ್ನಿನಲ್ಲಿ 1903ರ ಮೋಟಾರು ಕಾರು ಶಾಸನದಂತೆ ಪರವಾನಗಿಯು ಕಡ್ಡಾಯವಾಯಿತಾದರೂ, ಐದು ಷಿಲಿಂಗುಗಳನ್ನು ಕೊಟ್ಟವರಿಗೆಲ್ಲ ಯಾವ ಪರೀಕ್ಷೆಯೂ ಇಲ್ಲದೆ ಅದು ದೊರಕುತ್ತಿತ್ತು. ಕಡ್ಡಾಯ ಪರೀಕ್ಷೆಯು ಅಲ್ಲಿ ಜಾರಿಗೆ ಬಂದುದು 1935ರ ಜೂನ್ 1ರಂದು. ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮ್ಯಾಸಚೂಸೆಟ್ಸ್ ಮತ್ತು ಮಿಸೌರಿ ರಾಜ್ಯಗಳು 1903ರಲ್ಲಿ ಪರವಾನಗಿಯನ್ನು ವಿಧಿಸಿದವು. ಭಾರತದಲ್ಲಿ 1914ರಲ್ಲಿ ಈ ವಿಷಯದ ಶಾಸನವೊಂದು ಬಂದಿತು. ಅದರ ಸ್ಥಾನಕ್ಕೆ 1939ರ ಮೋಟಾರು ವಾಹನ ಅಧಿನಿಯಮವೂ, ಅದರ ಸ್ಥಾನಕ್ಕೆ ಈಗ ನಡೆಯುತ್ತಿರುವ 1988ರ ಅಧಿನಿಯಮವೂ ಬಂದಿವೆ.

ಅಂತರರಾಷ್ಟ್ರೀಯ ಒಪ್ಪಂದಗಳು

ಯೂರೋಪಿನ ಸಣ್ಣ ಸಣ್ಣ ರಾಷ್ಟ್ರಗಳಲ್ಲಿ ಒಂದೇ ದಿನದ ಪ್ರಯಾಣದಲ್ಲಿ ಎರಡು ಮೂರು ಗಡಿಗಳನ್ನು ದಾಟಬೇಕಾಗುತ್ತಿದ್ದುದರಿಂದ, ಪ್ರತಿಯೊಂದು ಗಡಿಯಲ್ಲಿಯೂ ಚಾಲಕನನ್ನು ಹೊಸದಾಗಿ ಪರೀಕ್ಷಿಸುವುದು ಅಸಾಧ್ಯವೆಂಬುದು ಬೇಗನೆ ಮನವರಿಕೆಯಾಯಿತು. 1909ರ ಅಕ್ಟೋಬರ್ 11ರಂದು ಪ್ಯಾರಿಸಿನಲ್ಲಿ ಸಹಿಯಾದ ಒಪ್ಪಂದವು ವಾಹನ ಮತ್ತು ಚಾಲಕ ಇವೆರಡಕ್ಕೂ ಸೇರಿ ಒಂದೇ ಅಂತರರಾಷ್ಟ್ರೀಯ ಪತ್ರವನ್ನು ಏರ್ಪಡಿಸಿತು. 1926ರಲ್ಲಿ ಅದೇ ನಗರದಲ್ಲಿ ಆದ ಇನ್ನೊಂದು ಒಪ್ಪಂದವು ಇವನ್ನು ಬೇರ್ಪಡಿಸಿದ್ದರಿಂದ, ಚಾಲಕನಿಗೆ ಪ್ರತ್ಯೇಕವಾದ ರಹದಾರಿಯು ಹುಟ್ಟಿತು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವವು ಎರಡು: 1949ರ ಸೆಪ್ಟೆಂಬರ್ 19ರಂದು ಜಿನೀವಾದಲ್ಲಿ ಆಗಿ 1952ರಲ್ಲಿ ಜಾರಿಗೆ ಬಂದ ರಸ್ತೆ ಸಂಚಾರ ಒಪ್ಪಂದ, ಮತ್ತು 1968ರ ನವೆಂಬರ್ 8ರಂದು ವಿಯೆನ್ನಾದಲ್ಲಿ ಆಗಿ 1977ರಲ್ಲಿ ಜಾರಿಗೆ ಬಂದ ಒಪ್ಪಂದ. ಭಾರತ, ಜಪಾನ್, ಅಮೆರಿಕಗಳು ಜಿನೀವಾ ಒಪ್ಪಂದದಂತೆ ನಡೆದುಕೊಳ್ಳುತ್ತವೆ. ಚೀನಾದ ಮುಖ್ಯಭೂಮಿಯು ರಹದಾರಿಯನ್ನು ಮನ್ನಿಸುವುದೇ ಇಲ್ಲ. ಜಿನೀವಾ ಒಪ್ಪಂದದಂತೆ ರಹದಾರಿಯು ಒಂದು ವರ್ಷದವರೆಗೆ ಮಾತ್ರ ಸಲ್ಲುತ್ತದೆ; ವಿಯೆನ್ನಾ ಒಪ್ಪಂದದಂತೆ ಮೂರು ವರ್ಷದವರೆಗೂ ಸಲ್ಲಬಹುದು. ಆದುದರಿಂದ ಪ್ರಯಾಣಿಕನು ಹೋಗತಕ್ಕ ದೇಶವು ಯಾವ ಒಪ್ಪಂದದ ರಹದಾರಿಯನ್ನು ಒಪ್ಪುತ್ತದೆಂಬುದನ್ನು ಮೊದಲೇ ತಿಳಿದಿರಬೇಕಾಗುತ್ತದೆ.

ಈ ಒಪ್ಪಂದಗಳ ಉದಾರತೆಗೆ ಒಂದು ಎಲ್ಲೆಯುಂಟು. ತನ್ನ ನೆಲದಲ್ಲಿ ವಾಸವನ್ನು ಸ್ಥಿರಪಡಿಸಿಕೊಂಡವನ ಹಳೆಯ ಪರವಾನಗಿಯನ್ನು ಮನ್ನಿಸುವ ಬಾಧ್ಯತೆಯು ಯಾವ ರಾಷ್ಟ್ರಕ್ಕೂ ಇಲ್ಲವೆಂದು ವಿಯೆನ್ನಾ ಒಪ್ಪಂದದ 41ನೆಯ ವಿಧಿಯು ಹೇಳುತ್ತದೆ. ಪುನಃಪರೀಕ್ಷೆಗೆ ಸಂಬಂಧಿಸಿದ ದೇಶದೇಶಗಳ ನಿಯಮಗಳಿಗೆಲ್ಲ ಅವಕಾಶ ದೊರೆತಿರುವುದು ಇಲ್ಲಿಯೇ.

ರಹದಾರಿಯ ಸ್ವರೂಪ

ರಹದಾರಿಯು ಬೂದುಬಣ್ಣದ ಹೊದಿಕೆಯೂ ಬಿಳಿಯ ಒಳಹಾಳೆಗಳೂ ಉಳ್ಳ ಒಂದು ಕಿರುಹೊತ್ತಗೆ. ಚಾಲಕನ ಹೆಸರು, ಭಾವಚಿತ್ರ, ಆತನು ನಡೆಸಬಹುದಾದ ವಾಹನವರ್ಗಗಳ ಮುದ್ರೆ ಇವು ಅದರಲ್ಲಿರುತ್ತವೆ. ಅದೇ ವಿವರವು ಹಲವು ಭಾಷೆಗಳಲ್ಲಿ ಪುನರುಕ್ತವಾಗಿರುತ್ತದೆ. ಸಾರಾಂಶದಲ್ಲಿ ಅದು ಮೂಲ ಪರವಾನಗಿಯ ಪ್ರಮಾಣೀಕೃತ ಭಾಷಾಂತರವಲ್ಲದೆ ಬೇರೆಯಲ್ಲ. ಮೂಲ ಪರವಾನಗಿಯು ಜೊತೆಯಲ್ಲಿ ಇಲ್ಲದಿದ್ದರೆ ರಹದಾರಿಗೆ ಬೆಲೆಯಿಲ್ಲ. ಮೂಲದ ಅವಧಿಯು ಮುಗಿದರೆ ಇದರ ಅವಧಿಯೂ ಮುಗಿಯಿತು.

ಪರವಾನಗಿಯು ಯಾವ ದೇಶದ್ದೋ ರಹದಾರಿಯನ್ನು ಆ ದೇಶದಲ್ಲಿಯೇ ಪಡೆಯತಕ್ಕದ್ದು. ಭಾರತದಲ್ಲಿ ಅದನ್ನು ಕೊಡುವುದು ಸಾರಿಗೆ ಇಲಾಖೆಯ ಪ್ರಾದೇಶಿಕ ಕಚೇರಿ, ಅಂದರೆ ಜನರ ಮಾತಿನ ಆರ್‌ಟಿಓ. ಅರ್ಜಿಯೊಡನೆ ಚಾಲ್ತಿಯಲ್ಲಿರುವ ಪರವಾನಗಿ ಮತ್ತು ಪಾಸ್‌ಪೋರ್ಟಿನ ವಿವರಗಳನ್ನು ಒದಗಿಸಬೇಕು. ರಾಜ್ಯದಿಂದ ರಾಜ್ಯಕ್ಕೆ ಹೊತ್ತಗೆಯ ಆಕಾರವೂ ಬಣ್ಣವೂ ಬೇರೆಯಾಗಿದ್ದು ವಿದೇಶಗಳಲ್ಲಿ ಸಂಶಯಕ್ಕೆ ಎಡೆಗೊಟ್ಟದ್ದರಿಂದ, ಕೇಂದ್ರ ಸರಕಾರವು 2022ರಲ್ಲಿ ದೇಶಕ್ಕೆಲ್ಲ ಒಂದೇ ಮಾದರಿಯನ್ನು ಗೊತ್ತುಪಡಿಸಿ ಕ್ಯೂಆರ್ ಸಂಕೇತವನ್ನು ಸೇರಿಸಿತು. ಹೊರದೇಶದಲ್ಲಿರುವಾಗಲೇ ರಹದಾರಿಯ ಅವಧಿ ತೀರಿದ ಭಾರತೀಯರು ಅಲ್ಲಿನ ರಾಯಭಾರ ಕಚೇರಿಯ ಮೂಲಕ ನವೀಕರಣಕ್ಕೆ ಅರ್ಜಿ ಹಾಕಬಹುದೆಂದು 2021ರ ಜನವರಿಯಲ್ಲಿ ನಿಯಮವಾಯಿತು. ಅಂತರಜಾಲದಲ್ಲಿ ಹಣ ತೆಗೆದುಕೊಂಡು ಹತ್ತು ವರ್ಷದ ‘ಅಂತರರಾಷ್ಟ್ರೀಯ ಲೈಸೆನ್ಸ್’ ಕೊಡುವೆವೆನ್ನುವ ಖಾಸಗಿಯವರ ಪತ್ರಗಳಿಗೆ ಯಾವ ಒಪ್ಪಂದದ ಬೆಂಬಲವೂ ಇಲ್ಲ.

ಮಾನ್ಯತೆಯ ವಿಧಗಳು

ನೆಲೆಸಲು ಬಂದವನ ಪರವಾನಗಿಯನ್ನು ರಾಷ್ಟ್ರಗಳು ಸ್ಥೂಲವಾಗಿ ಮೂರು ರೀತಿಯಲ್ಲಿ ಕಾಣುತ್ತವೆ. ಪೂರ್ಣ ಮಾನ್ಯತೆಯು ಅತ್ಯಂತ ಅಪೂರ್ವ. ಯೂರೋಪಿಯನ್ ಒಕ್ಕೂಟದ ರಾಷ್ಟ್ರಗಳು 1996ರಿಂದ ಪರಸ್ಪರರ ಪರವಾನಗಿಗಳನ್ನು ತಮ್ಮವೆಂಬಂತೆಯೇ ಸ್ವೀಕರಿಸುತ್ತಿರುವುದು ಇದಕ್ಕೆ ನಿದರ್ಶನ. ಎರಡನೆಯದು ಪರೀಕ್ಷೆಯಿಲ್ಲದ, ಇಲ್ಲವೆ ಹಗುರವಾದ ಪರೀಕ್ಷೆಯೊಡನೆ ನಡೆಯುವ ವಿನಿಮಯ. ಸಿಂಗಪುರವು ಭಾರತೀಯ ಪರವಾನಗಿಯುಳ್ಳವರಿಂದ 50 ಪ್ರಶ್ನೆಗಳ ಮೂಲಭೂತ ಲಿಖಿತ ಪರೀಕ್ಷೆಯೊಂದನ್ನು ಕೇಳುತ್ತದೆ, 45ಕ್ಕೆ ಸರಿಯುತ್ತರ ಬರಬೇಕು, ರಸ್ತೆಯ ಪರೀಕ್ಷೆಯಿಲ್ಲ. ಚೀನಾದಲ್ಲಿ 100 ಪ್ರಶ್ನೆಗಳಿಗೆ 90 ಅಂಕ ಬೇಕು. ಮೂರನೆಯದು ಪೂರ್ಣ ಪುನಃಪರೀಕ್ಷೆ. ಬ್ರಿಟನ್, ಜರ್ಮನಿ, ಅಮೆರಿಕದ ಬಹುತೇಕ ರಾಜ್ಯಗಳು ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್ ಭಾರತೀಯ ಪರವಾನಗಿಯನ್ನು ಈ ವರ್ಗದಲ್ಲಿ ಇಟ್ಟಿವೆ.

ಯಾವ ದೇಶವು ಯಾವ ವರ್ಗಕ್ಕೆ ಸೇರತಕ್ಕದ್ದೆಂಬುದು ಚಾಲಕರ ಕೌಶಲಕ್ಕಿಂತ ಹೆಚ್ಚಾಗಿ ಸರಕಾರಗಳ ನಡುವಣ ಒಡಂಬಡಿಕೆಯನ್ನೂ, ಪರವಾನಗಿ ಕೊಡುವ ಪದ್ಧತಿಯ ಮೇಲಿನ ನಂಬಿಕೆಯನ್ನೂ ಅವಲಂಬಿಸಿದೆ. ಬ್ರಿಟನ್ನಿನ ವಿನಿಮಯ ಪಟ್ಟಿಯಲ್ಲಿ ಜಪಾನ್, ದಕ್ಷಿಣ ಆಫ್ರಿಕಾ, ಜಿಂಬಾಬ್ವೆಗಳಿವೆ, ಭಾರತವಿಲ್ಲ. ಭಾರತದಂತೆಯೇ ಎಡಬದಿಯಲ್ಲಿ ಸಂಚರಿಸುವ ದೇಶವೆಂಬುದರಿಂದ ವಿಶೇಷ ರಿಯಾಯಿತಿಯೇನೂ ದೊರಕುವುದಿಲ್ಲ.

ಅವಧಿಯ ಲೆಕ್ಕವೂ ಭಿನ್ನಭಿನ್ನ. ಬ್ರಿಟನ್ನಿನಲ್ಲಿ ನಿವಾಸಿಯಾದ ದಿನದಿಂದ 12 ತಿಂಗಳು, ಜರ್ಮನಿಯಲ್ಲಿ 6 ತಿಂಗಳು, ಕೆನಡಾದ ಆಂಟೇರಿಯೊದಲ್ಲಿ 60 ದಿನ, ಕ್ಯಾಲಿಫೋರ್ನಿಯಾದಲ್ಲಿ ಕೇವಲ 10 ದಿನ. ಈ ಗಡುವು ಮೀರಿದ ಮೇಲೆ ವಾಹನ ನಡೆಸಿದವನು ಪರವಾನಗಿಯಿಲ್ಲದ ಚಾಲಕನೆಂದೇ ಪರಿಗಣಿತನಾಗುವನು. ಅಪಘಾತ ಸಂಭವಿಸಿದಲ್ಲಿ ವಿಮೆಯು ತೊಡಕಿಗೆ ಒಳಗಾಗುವುದು ದಂಡಕ್ಕಿಂತ ದೊಡ್ಡ ಕಷ್ಟ.

ಬ್ರಿಟನ್ನಿನ ಪರೀಕ್ಷೆ

ಬ್ರಿಟನ್ನಿನ ಪದ್ಧತಿಯು ಪುನಃಪರೀಕ್ಷೆಯ ಅಂಗಗಳೆಲ್ಲವನ್ನೂ ಒಳಗೊಂಡಿರುವುದರಿಂದ ಅದನ್ನು ವಿಸ್ತಾರವಾಗಿ ವಿವರಿಸುವುದು ಯುಕ್ತ. ಅರ್ಜಿದಾರನು ಮೊದಲು ಪ್ರೊವಿಷನಲ್ ಪರವಾನಗಿಯನ್ನು, ಅಂದರೆ ನಮ್ಮ ಎಲ್‌ಎಲ್‌ಆರ್‌ಗೆ ಸಮಾನವಾದ ಕಲಿಕೆಯ ಪತ್ರವನ್ನು ಪಡೆಯಬೇಕು. ಊರಿನಲ್ಲಿ ಲಾರಿಯನ್ನೇ ನಡೆಸಿದವನಾದರೂ ಇಲ್ಲಿ ಕಲಿಯುವವನ ಸಾಲಿನಲ್ಲಿ ನಿಲ್ಲತಕ್ಕವನೇ. ಆದರೆ 12 ತಿಂಗಳ ಅವಧಿಯೊಳಗೆ ಹಳೆಯ ಪರವಾನಗಿಯ ಬಲದಿಂದ ಒಬ್ಬಂಟಿಯಾಗಿ ಕಾರು ನಡೆಸುವ ಹಕ್ಕು ಆತನಿಗೆ ಉಳಿದಿರುತ್ತದೆ.

1996ರಿಂದ ಪ್ರತ್ಯೇಕವಾಗಿ ನಡೆಯುತ್ತಿರುವ ಸಿದ್ಧಾಂತ ಪರೀಕ್ಷೆಯಲ್ಲಿ 50 ಪ್ರಶ್ನೆಗಳಿಗೆ 43 ಸರಿಯುತ್ತರ ಬೇಕು. ಇದರ ಜೊತೆಗೆ 2002ರಲ್ಲಿ ಸೇರಿದ ಅಪಾಯಗ್ರಹಣ ಪರೀಕ್ಷೆಯುಂಟು: ರಸ್ತೆಯ 14 ಚಲಚ್ಚಿತ್ರ ತುಣುಕುಗಳನ್ನು ತೋರಿಸುತ್ತಾರೆ, ನಿಂತ ವ್ಯಾನಿನ ಹಿಂದಿನಿಂದ ಮಗುವೊಂದು ಹೊರಬರುವ ಸೂಚನೆ ಕಂಡೊಡನೆ ಅಭ್ಯರ್ಥಿಯು ಗುಂಡಿಯನ್ನು ಒತ್ತಬೇಕು, ತಡವಾದಷ್ಟೂ ಅಂಕ ಇಳಿಯುತ್ತದೆ. ಒಟ್ಟು 75 ಅಂಕಗಳಲ್ಲಿ 44 ಬಂದರೆ ಉತ್ತೀರ್ಣ. ಈ ತೇರ್ಗಡೆಯು ಎರಡು ವರ್ಷ ಮಾತ್ರ ಸಲ್ಲುತ್ತದೆ. ಅಷ್ಟರೊಳಗೆ ರಸ್ತೆಯ ಪರೀಕ್ಷೆಯನ್ನು ಮುಗಿಸಬೇಕು.

ರಸ್ತೆಯ ಪರೀಕ್ಷೆಯು 20 ಮೀಟರು ದೂರದ ಕಾರಿನ ನಂಬರು ಫಲಕವನ್ನು ಓದುವುದರಿಂದ ಪ್ರಾರಂಭವಾಗುತ್ತದೆ. ಓದಲಾಗದವನ ಪರೀಕ್ಷೆಯು ಅಲ್ಲಿಗೇ ಮುಗಿಯಿತು. ಅನಂತರ ಸುಮಾರು 40 ನಿಮಿಷಗಳ ಕಾಲ ಪರೀಕ್ಷಕನು ಪಕ್ಕದಲ್ಲಿ ಕುಳಿತು ಗುರುತು ಹಾಕುತ್ತಾನೆ. 2017ರಿಂದೀಚೆಗೆ ಜಿಪಿಎಸ್ ಯಂತ್ರದ ಸೂಚನೆಯನ್ನು ಅನುಸರಿಸಿ ಸ್ವತಂತ್ರವಾಗಿ ನಡೆಸುವ ಭಾಗವೂ ಇದೆ. ದಾರಿ ತಪ್ಪಿದರೆ ತಪ್ಪೆಣಿಸುವುದಿಲ್ಲ. ದಾರಿ ತಪ್ಪುವೆನೆಂಬ ಆತುರದಲ್ಲಿ ಹಿಂದೆ ನೋಡದೆ ಪಥ ಬದಲಾಯಿಸಿದರೆ ಎಣಿಸುತ್ತಾರೆ. ಸಾಮಾನ್ಯ ದೋಷಗಳು 15ರವರೆಗೆ ಕ್ಷಮ್ಯ. ಗಂಭೀರವಾದ ಅಥವಾ ಅಪಾಯಕರವಾದ ದೋಷ ಒಂದೇ ಒಂದು ಸಂಭವಿಸಿದರೂ ಅಭ್ಯರ್ಥಿಯು ಅನುತ್ತೀರ್ಣ.

ಭಾರತದಲ್ಲಿ ಕಲಿತವನಿಗೆ ಇಲ್ಲಿ ತೊಡಕಾಗುವ ಅಂಶಗಳು ಗೇರು ಕ್ಲಚ್ಚುಗಳಿಗೆ ಸಂಬಂಧಿಸಿದವಲ್ಲ. ವೃತ್ತಸಂಧಿಗೆ ಬಂದಾಗ ಬಲಗಡೆಯಿಂದ ಬರುವ ವಾಹನಕ್ಕೆ ದಾರಿ ಬಿಡಬೇಕೆಂಬ ನಿಯಮವು ಎರಡು ದೇಶಗಳ ಪುಸ್ತಕಗಳಲ್ಲಿಯೂ ಇದೆ. ಬ್ರಿಟನ್ನಿನಲ್ಲಿ ಅದು ನಡೆಯುತ್ತದೆ, ಆದುದರಿಂದ ಎದುರಿನವನು ತನಗಾಗಿ ನಿಲ್ಲುವನೆಂದು ನಂಬಿ ಬರುವವನೆದುರು ಕಾರಿನ ಮೂತಿಯನ್ನು ತೂರಿಸುವುದು ಗಂಭೀರ ದೋಷವಾಗುತ್ತದೆ. ಹಾರ್ನಿನ ವಿಷಯವೂ ಅಂಥದೇ. ನಮ್ಮ ಹೆದ್ದಾರಿಗಳಲ್ಲಿ ಲಾರಿಗಳ ಹಿಂಬದಿಯಲ್ಲಿಯೇ ‘ಸೌಂಡ್ ಹಾರ್ನ್’ ಎಂದು ಬರೆದಿರುವುದರಿಂದ ಓವರ್‌ಟೇಕ್ ಮಾಡುವವನು ಹಾರ್ನ್ ಒತ್ತುವುದು ಸೌಜನ್ಯದ ಲಕ್ಷಣ. ಬ್ರಿಟನ್ನಿನಲ್ಲಿ ಹಾರ್ನು ತನ್ನ ಇರವನ್ನು ಎಚ್ಚರಿಸುವುದಕ್ಕೆ ಮಾತ್ರ, ಜನವಸತಿಯಲ್ಲಿ ರಾತ್ರಿ 11.30ರಿಂದ ಬೆಳಗ್ಗೆ 7ರವರೆಗೆ ನಿಷಿದ್ಧ. ಎದುರು ವಾಹನವು ದೀಪವನ್ನು ಮಿನುಗಿಸಿದರೆ ಭಾರತದಲ್ಲಿ ‘ನಾನು ಬರುತ್ತಿದ್ದೇನೆ, ನಿಲ್ಲು’ ಎಂದು ಅರ್ಥೈಸುತ್ತಾರೆ, ಬ್ರಿಟನ್ನಿನ ಚಾಲಕರು ರೂಢಿಯಲ್ಲಿ ‘ನೀನು ಮುಂದೆ ಹೋಗು’ ಎಂದು ಅರ್ಥೈಸುತ್ತಾರೆ. ಅಲ್ಲಿನ ಹೆದ್ದಾರಿ ಸಂಹಿತೆಯು ಈ ರೂಢಿಯನ್ನು ಒಪ್ಪುವುದಿಲ್ಲವೆಂಬುದು ಬೇರೆ ಮಾತು. 2022ರ ತಿದ್ದುಪಡಿಯಂತೆ ತಿರುವಿನಲ್ಲಿ ರಸ್ತೆ ದಾಟಲು ಕಾದುನಿಂತ ಪಾದಚಾರಿಗೂ ದಾರಿ ಬಿಡತಕ್ಕದ್ದು. ಇವೆಲ್ಲಕ್ಕಿಂತ ಹೆಚ್ಚಾಗಿ ಕನ್ನಡಿಗಳ ವಿಷಯದಲ್ಲಿ ಪರೀಕ್ಷಕರು ಕಠಿಣರು: ವೇಗ, ದಿಕ್ಕು ಇವುಗಳಲ್ಲಿ ಯಾವುದನ್ನು ಬದಲಿಸುವ ಮುನ್ನವೂ ಹಿಂದೆಯೂ ಪಕ್ಕದಲ್ಲಿಯೂ ನೋಡಿದುದು ಕಾಣಬೇಕು.

ಜಪಾನಿನ ಪರೀಕ್ಷೆ

ಜಪಾನಿನಲ್ಲಿ ವಿದೇಶಿ ಪರವಾನಗಿಯನ್ನು ಬದಲಾಯಿಸಿಕೊಳ್ಳುವ ಕ್ರಮಕ್ಕೆ ಗಾಯ್‌ಮೆನ್ ಕಿರಿಕಾಯೆ ಎಂದು ಹೆಸರು. ಅರ್ಜಿದಾರನು ಪರವಾನಗಿ ಪಡೆದ ಮೇಲೆ ಅದನ್ನು ಕೊಟ್ಟ ದೇಶದಲ್ಲಿ ಕನಿಷ್ಠ ಮೂರು ತಿಂಗಳು ವಾಸಿಸಿದ್ದನೆಂಬುದನ್ನು ಪಾಸ್‌ಪೋರ್ಟಿನ ಮುದ್ರೆಗಳಿಂದ ಸಿದ್ಧಪಡಿಸಬೇಕು. ಪರವಾನಗಿಯ ಅಧಿಕೃತ ಜಪಾನೀ ಭಾಷಾಂತರವನ್ನು ಒದಗಿಸಬೇಕು. ಬ್ರಿಟನ್, ಜರ್ಮನಿ ಮೊದಲಾದ ಕೆಲವು ದೇಶದವರಿಗೆ ಮುಂದಿನ ಪರೀಕ್ಷೆಗಳಿಲ್ಲ. ಭಾರತೀಯರಿಗೆ ಉಂಟು.

ಜ್ಞಾನಪರೀಕ್ಷೆಯು ಬಹುಕಾಲ 10 ಪ್ರಶ್ನೆಗಳಷ್ಟೇ ಆಗಿ, 7 ಸರಿಯಾದರೆ ಸಾಕೆಂಬಂತಿತ್ತು. ವಿದೇಶೀಯರ ಅಪಘಾತಗಳ ಕುರಿತು ಸಾರ್ವಜನಿಕರಲ್ಲಿ ಆತಂಕವೆದ್ದ ಮೇಲೆ 2025ರ ಅಕ್ಟೋಬರ್ 1ರಿಂದ ಅದನ್ನು 50 ಪ್ರಶ್ನೆಗಳಿಗೆ ಏರಿಸಿ, ಶೇಕಡ 90ರಷ್ಟು ಸರಿಯುತ್ತರವನ್ನು ಗೊತ್ತುಮಾಡಿ, ಪ್ರವಾಸಿಗಳಾಗಿ ಬಂದವರಿಗೆ ಈ ಮಾರ್ಗವನ್ನು ಮುಚ್ಚಿದರು.

ಚಾಲನಾ ಪರೀಕ್ಷೆಯು ಸಾರ್ವಜನಿಕ ರಸ್ತೆಯಲ್ಲಲ್ಲದೆ ಪರವಾನಗಿ ಕೇಂದ್ರದ ಆವರಣದೊಳಗಿನ ಕೃತಕ ಮಾರ್ಗದಲ್ಲಿ ನಡೆಯುತ್ತದೆ. ಅಭ್ಯರ್ಥಿಗೆ 100 ಅಂಕಗಳನ್ನು ಮೊದಲೇ ಕೊಟ್ಟು, ತಪ್ಪಿಗೆ ಇಷ್ಟೆಂದು ಕಳೆಯುತ್ತ ಹೋಗುವುದು ಇಲ್ಲಿನ ಕ್ರಮ. 70 ಉಳಿದರೆ ಉತ್ತೀರ್ಣ. ಕಾರನ್ನು ಏರುವ ಮುನ್ನ ಅದರ ಮುಂದನ್ನೂ ಹಿಂದನ್ನೂ ಬಗ್ಗಿ ನೋಡಬೇಕು. ತಿರುವಿಗೆ 30 ಮೀಟರು ಮೊದಲು ಇಂಡಿಕೇಟರ್ ಹಾಕಬೇಕು. ಪಥ ಬದಲಿಸುವುದಾದರೆ 3 ಸೆಕೆಂಡು ಮೊದಲು. ಎಡಕ್ಕೆ ತಿರುಗುವವನು ಮೊದಲೇ ಎಡ ಅಂಚಿಗೆ ಸರಿದು, ಸೈಕಲ್ಲಿಗೆ ನಡುವೆ ನುಸುಳಲು ಜಾಗವಿಲ್ಲದಂತೆ ಮಾಡಬೇಕು. ಎರಡು ಲಂಬಕೋನಗಳುಳ್ಳ ಇಕ್ಕಟ್ಟಾದ ‘ಕ್ರ್ಯಾಂಕ್’ ದಾರಿಯಲ್ಲಿಯೂ, ಎಸ್ ಆಕಾರದ ದಾರಿಯಲ್ಲಿಯೂ ಚಕ್ರವು ಅಂಚುಗಲ್ಲನ್ನು ಏರದಂತೆ ಹೋಗಬೇಕು. ಕುತ್ತಿಗೆಯನ್ನು ಹೊರಳಿಸಿ ನೋಡದೆ ಕಣ್ಣಂಚಿನಿಂದ ನೋಡಿದವನ ನೋಟವು ಪರೀಕ್ಷಕನ ಲೆಕ್ಕಕ್ಕೆ ಬರುವುದಿಲ್ಲವಾದುದರಿಂದ, ಇದು ಚಾಲನೆಯನ್ನು ಅಳೆಯುವಷ್ಟೇ ಚಾಲನೆಯ ವಿಧಿಕರ್ಮವನ್ನೂ ಅಳೆಯುತ್ತದೆಂದು ಹೇಳಬಹುದು. ರೈಲ್ವೆ ದಾಟುಗಳಲ್ಲಿ, ಗೇಟು ತೆರೆದಿದ್ದರೂ, ಪೂರ್ತಿ ನಿಂತು ಹೊರಡುವುದು ಆ ದೇಶದ ಕಾನೂನು.

ಇತರ ದೇಶಗಳು

ಜರ್ಮನಿಯಲ್ಲಿ ಭಾರತೀಯ ಪರವಾನಗಿಯುಳ್ಳವನಿಗೆ ಕಡ್ಡಾಯ ಪಾಠಗಳ ವಿನಾಯಿತಿಯುಂಟು, ಪರೀಕ್ಷೆಗಳ ವಿನಾಯಿತಿಯಿಲ್ಲ. ಪರೀಕ್ಷೆಯ ವಾಹನದಲ್ಲಿ ಬೋಧಕನೂ ಇರಬೇಕಾದುದರಿಂದ ಚಾಲನಾ ಶಾಲೆಯನ್ನು ಆಶ್ರಯಿಸದೆ ಗತ್ಯಂತರವಿಲ್ಲ. ಫಲಕಗಳಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬಂದವನಿಗೆ ಮೊದಲ ಹಕ್ಕೆಂಬ ನಿಯಮವು, ಆತನು ಎಷ್ಟೇ ಚಿಕ್ಕ ಗಲ್ಲಿಯಿಂದ ಬಂದಿರಲಿ, ಕಟ್ಟುನಿಟ್ಟಾಗಿ ಪಾಲನೆಯಾಗುತ್ತದೆ.

ಅಮೆರಿಕದಲ್ಲಿ ಪರವಾನಗಿಯು ರಾಜ್ಯಗಳ ಅಧಿಕಾರಕ್ಕೆ ಸೇರಿದ್ದು. ನಾಲ್ಕೂ ಕಡೆ ‘ಸ್ಟಾಪ್’ ಫಲಕವಿರುವ ಕೂಡುರಸ್ತೆಯಲ್ಲಿ ಮೊದಲು ಬಂದು ನಿಂತವನು ಮೊದಲು ಹೊರಡುವ ಪದ್ಧತಿಯೂ, ಕೆಂಪು ದೀಪ ಮಿನುಗಿಸುತ್ತ ನಿಂತ ಶಾಲಾ ಬಸ್ಸನ್ನು ಕಂಡರೆ ಎದುರು ದಿಕ್ಕಿನವರೂ ಸಾಮಾನ್ಯವಾಗಿ ನಿಲ್ಲಬೇಕೆಂಬ ನಿಯಮವೂ ಹೊಸಬರಿಗೆ ಅಪರಿಚಿತ. ಆಂಟೇರಿಯೊ ಪ್ರಾಂತವು 1994ರಿಂದ ಹಂತಹಂತವಾಗಿ ಪರವಾನಗಿ ಕೊಡುತ್ತಿದ್ದು, ವಿದೇಶದ ಚಾಲನಾನುಭವಕ್ಕೆ ಪುರಾವೆಯಿದ್ದರೆ ಕಾಯುವ ಅವಧಿಯನ್ನು ಕಡಮೆ ಮಾಡುತ್ತದೆ.

ಕೊಲ್ಲಿಯ ರಾಷ್ಟ್ರಗಳ ಸ್ಥಿತಿಯು ಕರ್ನಾಟಕದ ಕರಾವಳಿಗೆ ನೇರವಾಗಿ ಸಂಬಂಧಿಸಿದ್ದು. ಮಂಗಳೂರು, ಉಡುಪಿ, ಭಟ್ಕಳಗಳಿಂದ ದುಡಿಯಲು ಹೋದವರಲ್ಲಿ ಚಾಲನೆಯನ್ನೇ ವೃತ್ತಿಯಾಗಿ ಉಳ್ಳವರೂ ಇದ್ದಾರೆ. ದುಬೈಯಲ್ಲಿ ಭಾರತೀಯ ಪರವಾನಗಿಯನ್ನು ನೇರವಾಗಿ ಬದಲಿಸಿಕೊಡುವುದಿಲ್ಲ. ಶಾಲೆಯ ಪಾಠಗಳು, ಆವರಣದಲ್ಲಿ ವಾಹನ ನಿಲ್ಲಿಸುವ ಪರೀಕ್ಷೆ, ರಸ್ತೆಯ ಪರೀಕ್ಷೆ ಇವು ಕ್ರಮವಾಗಿ ಬರುತ್ತವೆ. ಊರಿನ ಅನುಭವವು ಹೆಚ್ಚಿದಂತೆ ಪಾಠದ ಗಂಟೆಗಳು ಕಡಮೆಯಾಗುತ್ತವೆ. 2023ರಲ್ಲಿ ಪಾಠಗಳಿಲ್ಲದೆಯೇ ಒಂದು ಸಲ ಪರೀಕ್ಷೆಯನ್ನು ಎದುರಿಸುವ ಅವಕಾಶವನ್ನೂ ಕಲ್ಪಿಸಿದರು. ಅದರಲ್ಲಿ ಸೋತವನು ಶಾಲೆಗೆ ಸೇರಬೇಕು. ಎಡಬದಿಯಿಂದ ಬಲಬದಿಗೆ ಹೊರಳಿದವರಿಗೆ ನೇರವಾದ ಹಾದಿಯಲ್ಲಿ ಕಷ್ಟವಿಲ್ಲ. ಖಾಲಿ ರಸ್ತೆಗೆ ತಿರುಗುವಾಗ, ಮಾರ್ಗದರ್ಶಕವಾಗಿ ಬೇರೆ ವಾಹನಗಳಿಲ್ಲದ ವೇಳೆಯಲ್ಲಿ, ಹಳೆಯ ಅಭ್ಯಾಸವು ಮೇಲೇಳುತ್ತದೆ.

ಭಾರತದಲ್ಲಿ ವಿದೇಶಿ ಪರವಾನಗಿ

ಭಾರತಕ್ಕೆ ಬರುವ ಪ್ರವಾಸಿಯು ರಹದಾರಿಯೊಡನೆ ಸ್ವದೇಶದ ಪರವಾನಗಿಯನ್ನು ಇಟ್ಟುಕೊಂಡು ವಾಹನ ನಡೆಸಬಹುದು. ನೆಲೆಸುವವನ ವಿಷಯದಲ್ಲಿ 1988ರ ಅಧಿನಿಯಮವು ಉದಾರವಾಗಿದೆ: ಹೊರದೇಶದ ಸಮರ್ಥ ಪ್ರಾಧಿಕಾರವು ಅದೇ ವರ್ಗದ ವಾಹನಕ್ಕೆ ಕೊಟ್ಟ ಪರವಾನಗಿಯನ್ನು ಹಾಜರುಪಡಿಸಿದವನಿಗೆ, ವೈದ್ಯಕೀಯ ನಿಬಂಧನೆಗೆ ಒಳಪಟ್ಟು, ಚಾಲನಾ ಪರೀಕ್ಷೆಯು ಅವಶ್ಯವಿಲ್ಲವೆಂದು ಅದರ 9ನೆಯ ಪ್ರಕರಣವು ಹೇಳುತ್ತದೆ. ಹೀಗೆ ಬ್ರಿಟನ್ನಿನಲ್ಲಿ ಬೆಂಗಳೂರಿನ ಪರವಾನಗಿಗೆ ದೊರಕದ ಮನ್ನಣೆಯು ಬೆಂಗಳೂರಿನಲ್ಲಿ ಬ್ರಿಟನ್ನಿನ ಪರವಾನಗಿಗೆ ದೊರಕುತ್ತದೆ. ಸ್ಥಳೀಯ ಅಭ್ಯರ್ಥಿಯಾದರೋ ಎಲ್‌ಎಲ್‌ಆರ್ ಪಡೆದು, 30 ದಿನ ಕಳೆದ ಮೇಲೆ ಆರ್‌ಟಿಓ ಅಂಗಳದಲ್ಲಿ ಬೈಕಿನಲ್ಲಿ ಎಂಟು ಹಾಕಿಯೋ, ಕಾರನ್ನು ರಿವರ್ಸಿನಲ್ಲಿ ತೆಗೆದೋ ತೋರಿಸಬೇಕು. ಈ ಪರೀಕ್ಷೆಗಳಲ್ಲಿ ವಾಹನದ ಹತೋಟಿಗೆ ಪ್ರಾಧಾನ್ಯ. ಸಂಚಾರದ ನಡುವೆ ಬಹುಹೊತ್ತು ಚಾಲಕನನ್ನು ಗಮನಿಸುವ ಕ್ರಮಕ್ಕೆ ಅಷ್ಟಾಗಿ ಎಡೆಯಿಲ್ಲ.

ಇಂದಿನ ಸ್ಥಿತಿ

ಪರವಾನಗಿಯು ಕಾಗದದಿಂದ ಚಿಪ್ ಕಾರ್ಡಿಗೂ, ಅಲ್ಲಿಂದ ಮೊಬೈಲಿಗೂ ಬಂದಿದೆ. ಡಿಜಿಲಾಕರಿನಲ್ಲಿ ತೋರಿಸುವ ಪರವಾನಗಿಯನ್ನು ಭಾರತದ ಪೊಲೀಸರು ಒಪ್ಪುತ್ತಾರೆ. ಹೊರದೇಶದಲ್ಲಿ ಮಾತ್ರ ಕೈಯಲ್ಲಿ ಹಿಡಿಯುವ ಮೂಲಪತ್ರವನ್ನೇ ಕೇಳುವರು. ಗೇರು ಬದಲಿಸುವ ಅವಶ್ಯಕತೆಯಿಲ್ಲದ ವಿದ್ಯುತ್ ಕಾರುಗಳ ಪ್ರಚಾರದಿಂದ ಇನ್ನೊಂದು ತೊಡಕು ಕಾಣಿಸಿದೆ. ಬ್ರಿಟನ್ನಿನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಪರೀಕ್ಷೆ ಕೊಟ್ಟವನಿಗೆ ಆಟೊಮ್ಯಾಟಿಕ್ ಪರವಾನಗಿ ಮಾತ್ರ ದೊರಕುವುದರಿಂದ, ಇಪ್ಪತ್ತು ವರ್ಷ ಘಾಟಿ ರಸ್ತೆಗಳಲ್ಲಿ ಗೇರು ಹಾಕಿದವನೂ ಸುಲಭವೆಂದು ಅಂಥ ಕಾರನ್ನು ಆರಿಸಿಕೊಂಡು ಉತ್ತೀರ್ಣನಾದರೆ, ಗೇರಿನ ಕಾರಿಗಾಗಿ ರಸ್ತೆಯ ಪರೀಕ್ಷೆಯನ್ನು ಮತ್ತೊಮ್ಮೆ ಕೊಡಬೇಕಾಗುತ್ತದೆ.